ಮೂವತ್ತೇಳು ಮಂದಿಯ ಓಟಿಪಿ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಇತಿಹಾಸವನ್ನು ಮುಂದೆ ಯಾರಾದರೂ ಕೂತು ಬರೆಯುವುದಾದರೆ, ಮೈಲಾರಲಿಂಗಪ್ಪನ ಡಬ್ಬಾ ಫೋನು ಮೂರು ದಿನ ‘ಟಿಣ್’ ಅನ್ನದೆ ಕೂತ ಸಂಗತಿಗೆ ಒಂದು ಅಧ್ಯಾಯ ಮೀಸಲಿಡುವುದು ಒಳ್ಳೆಯದು. ಸರ್ಕಾರಗಳು ಬಿದ್ದ ಸುದ್ದಿ ಕೂಡ ತಂಬ್ರಹಳ್ಳಿಯ ಅವನ ಓಣಿಯನ್ನು ಇಷ್ಟು ಕಂಗೆಡಿಸಿದ್ದಿಲ್ಲ.

ಯಾಕೆಂದರೆ ಆ ಫೋನು ಅವನೊಬ್ಬನದಾಗಿ ಉಳಿದಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಆಧಾರ್ ಮಾಡುವವರು ಶಾಲೆಯ ಕೋಣೆಯಲ್ಲಿ ಕಂಪ್ಯೂಟರ್ ಹೂಡಿಕೊಂಡು ಕೂತು, ಬಂದವರನ್ನೆಲ್ಲ ‘ಮೊಬೈಲ್ ನಂಬರ್?’ ಎಂದು ಕೇಳಿದ್ದರು. ಓಣಿಯಲ್ಲಿ ಆಗ ಇದ್ದದ್ದು ಒಂದೇ ಮೊಬೈಲು. ಕುರಿ ಹಿಂಡಿನ ಹಿಂದೆ ಊರೂರು ತಿರುಗುವ ಮೈಲಾರಲಿಂಗಪ್ಪ ಅದನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ‘ಲಿಂಗಪ್ಪಣ್ಣಂದು ಬರಕೊಳ್ರಿ’ ಎಂದು ಮೊದಲು ಬಾಯಿಬಿಟ್ಟವಳು ಈರಕ್ಕ. ಅವಳ ಹಿಂದೆ ಸಾಲಿನಲ್ಲಿ ನಿಂತವರು ಒಬ್ಬರ ಹಿಂದೊಬ್ಬರು ಅದನ್ನೇ ಬರೆಸಿದರು. ಕಂಕುಳಲ್ಲಿದ್ದ ಕೂಸುಗಳಿಗೂ ಅದೇ ನಂಬರು. ಹೀಗೆ ಮೂವತ್ತೇಳು ಮಂದಿಯ ಸರ್ಕಾರಿ ಗುರುತು ಒಬ್ಬ ಕುರಿಗಾರನ ಕಂಬಳಿಗೆ ಬಂದು ಸೇರಿತು.

ಈಗ ಮನೆಮನೆಯಲ್ಲೂ ದೊಡ್ಡ ಗಾಜಿನ ಫೋನುಗಳಿವೆ. ಆದರೂ ನಂಬರು ಬದಲಿಸಲು ಒಬ್ಬರೂ ಹೋಗಿಲ್ಲ. ‘ಅಣ್ಣನ ಹತ್ರ ಐತಲ್ಲ, ಎಲ್ಲಿ ಹೋಗತೈತಿ?’ ಎನ್ನುತ್ತಾರೆ. ಮೊಣಕಾಲು ಹಿಡಿದು, ಹಿಂಡನ್ನು ತಮ್ಮ ಬೆನಕಪ್ಪನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೈಲಾರಲಿಂಗಪ್ಪನಿಗೆ ಆ ಮಾತು ಮದ್ದಿನಂತೆ ಕೆಲಸ ಮಾಡುತ್ತಿತ್ತು. ಓಟಿಪಿ ಬಂದಾಗಲೆಲ್ಲ ಅವನು ಎದ್ದು ರುಮಾಲು ಸರಿಮಾಡಿಕೊಳ್ಳುತ್ತಿದ್ದ. ‘ಇದನ್ನು ಯಾರಿಗೂ ಹೇಳಬೇಡಿ’ ಎಂದು ಮೆಸೇಜಿನಲ್ಲೇ ಬರೆದಿರುತ್ತದೆಂದು ಯಾರೋ ಓದಿ ಹೇಳಿದ ದಿನದಿಂದ, ಅದು ಯಾರದೋ ಅವರ ಕಿವಿಯಲ್ಲೇ ಉಸುರುತ್ತಿದ್ದ.

‘ನಂದು ಬಂದ್ರ ನನ್ನ ಕಿವ್ಯಾಗೂ ಹಂಗ ಊದ್ತಾನ. ಮನ್ಯಾಗ ನಾವಿಬ್ರ ಇದ್ದಾಗೂ!’ ಎಂದು ಹೆಂಡತಿ ಭರಮಮ್ಮ ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಅಂಥ ಫೋನು ಈಗ ಮೂಕವಾಗಿತ್ತು. ಅದೂ ಎಂಥ ಹೊತ್ತಿನಲ್ಲಿ! ಬೆನಕಪ್ಪನ ಮಗಳು ಶಿವಲೀಲಾ ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದು, ಪಶುಸಂಗೋಪನೆ ಡಿಪ್ಲೊಮಾಕ್ಕೆ ಅರ್ಜಿ ಹಾಕಲು ಕೂತಿದ್ದಳು. ಆಧಾರ್ ಕಾರ್ಡಿಗೆ ಬರೆಸಿದ ನಂಬರಿಗೆ ಬರುವ ಓಟಿಪಿ ಕೊಡದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಅರ್ಜಿಗೆ ಇವತ್ತೇ ಕೊನೆ, ಸಂಜೆ ಐದು ಗಂಟೆಗೆ. ಭರತನ ಆನ್‌ಲೈನ್ ಸೆಂಟರಿನ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

‘ಮತ್ತೊಮ್ಮೆ ಒತ್ತೇನಿ ನೋಡ್ರಿ ಲಿಂಗಪ್ಪಣ್ಣ. ಬಂತಾ?’ ಎಂದ ಭರತ.

‘ಇಲ್ಲ.’

‘ರೀಚಾರ್ಜ್ ಐತಾ?’

‘ಮುಂಜಾನೆ ಹರಪನಹಳ್ಳಿ ಬೀಗರಿಗೆ ನಾನ ಹಚ್ಚಿ ಅರ್ಧ ತಾಸು ಮಾತಾಡೇನಿ. ರೀಚಾರ್ಜ್ ಇಲ್ದ ಮಾತಾಡಾಕ ನಾನೇನು ದೇವ್ರೇನು?’

‘ಟವರ್?’

‘ಕಡ್ಡಿ ಎಲ್ಲಾ ನೆಟ್ಟಗ ನಿಂತಾವ.’

ಭರತ ಫೋನನ್ನು ಆರಿಸಿ ಹೊತ್ತಿಸಿದ. ಸಿಮ್ಮು ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಹಾಕಿದ. ಏನೂ ಆಗಲಿಲ್ಲ. ರೇಷನ್ ಕಾರ್ಡಿನ ಕೆಲಸಕ್ಕೆ ಬಂದು, ಅದೇ ನಂಬರಿನ ಓಟಿಪಿಗಾಗಿ ಮೂರನೇ ದಿನ ಬೆಂಚು ಕಾಯುತ್ತಿದ್ದ ದ್ಯಾಮಕ್ಕ, ‘ಉಪ್ಪು ಮೆಣಸಿನಕಾಯಿ ನಿವಾಳಿಸ್ರಪ್ಪ. ಇಡೀ ಓಣಿ ದೃಷ್ಟಿ ಅದ್ರ ಮ್ಯಾಲ ಐತಿ’ ಎಂದಳು.

‘ಅಣ್ಣಾ, ಬ್ಯಾಸರ ಮಾಡ್ಕೋಬ್ಯಾಡ್ರಿ,’ ಭರತ ಕುರ್ಚಿಗೆ ಒರಗಿದ. ‘ಫೋನಿಗೆ ವಯಸ್ಸಾಗೈತಿ. ಎಲ್ರೂ ತಮ್ಮ ತಮ್ಮ ನಂಬರ್ ಬರೆಸಿಕೊಳ್ಳೋದು ಚಲೋ. ಅದಕ್ಕ ವಾರ ಹಿಡೀತೈತಿ ಅನ್ರಿ, ಈ ಹುಡುಗಿ ಅರ್ಜಿ ಮಾತ್ರ...’

ಮೈಲಾರಲಿಂಗಪ್ಪ ಫೋನನ್ನು ಇಸಿದುಕೊಂಡು ಅಂಗೈಯಲ್ಲಿಟ್ಟು ನೋಡಿದ. ಹನ್ನೊಂದು ವರ್ಷದಲ್ಲಿ ಒಬ್ಬರದೂ ಒಂದು ಓಟಿಪಿ ಅವನ ಕೈಯಲ್ಲಿ ಕಳೆದಿರಲಿಲ್ಲ. ಮೊದಲು ಕಳೆಯುವುದು ತಮ್ಮನ ಮಗಳದೇ ಆಗಬೇಕೆ?

‘ದೊಡ್ಡಪ್ಪ, ಫೋನ್ ಇತ್ತಾಗ ತೋರ್ಸು,’ ಎಂದಳು ಶಿವಲೀಲಾ. ಅವಳ ಕಣ್ಣು ಪರದೆಯ ಮೇಲ್ಗಡೆ ಮೂಲೆಗೆ ಹೋಯಿತು. ಅಲ್ಲೊಂದು ಪುಟ್ಟ ಲಕೋಟೆಯ ಚಿತ್ರ ಹೊತ್ತಿ ಹೊತ್ತಿ ಆರುತ್ತಿತ್ತು. ‘ಇದು ಯಾವಾಗಿಂದ ಮಿಣುಕತೈತಿ?’

‘ಮೂರು ದಿನ ಆತು. ಬರೋದಕ್ಕ ಎಚ್ಚರಿದ್ದು ಕಾಯಾಕ ಹತ್ತೈತವ್ವ ಅದು, ಪಾಪ.’

‘ಕಾಯಾಕ ಹತ್ತಿಲ್ಲ, ಉಸಿರು ಕಟ್ಟೈತಿ. ಒಳಗ ಜಾಗ ಇಲ್ಲ ಅಂತ ಅದ್ರ ಅರ್ಥ. ಎಷ್ಟು ಮೆಸೇಜ್ ಇಟ್ಟಿ?’

‘ಎಲ್ಲಾವೂ.’

‘ಎಲ್ಲಾವೂ ಅಂದ್ರ?’

‘ಬಂದಾವು ಅಷ್ಟೂ. ಒಂದೂ ಕಳದಿಲ್ಲ.’ ಹೇಳುವಾಗ ಅವನ ಎದೆ ತುಸು ಮುಂದೆ ಬಂತು. ಕಂಪನಿಯವರು ಕಳಿಸುವ ಹಾಡು, ಆಫರುಗಳನ್ನು ಬಂದ ಕ್ಷಣವೇ ಅಳಿಸಿಬಿಡುತ್ತಿದ್ದ. ಅವು ಯಜಮಾನರಿಲ್ಲದ ಬಿಡಾಡಿಗಳು. ಓಟಿಪಿಗಳು ಹಾಗಲ್ಲ.

ಭರತ ಇಣುಕಿ ನೋಡಿ ಹೌಹಾರಿದ. ‘ಐನೂರು! ಅಣ್ಣಾ, ಓಟಿಪಿ ಹತ್ತು ನಿಮಿಷಕ್ಕ ಸಾಯತೈತಿ. ಐನೂರು ಹೆಣ ಇಟ್ಕೊಂಡು ಕುಂತೀರಲ್ರಿ! ಎಲ್ಲಾ ಡಿಲೀಟ್ ಹೊಡೀರಿ.’

‘ಕೈ ತೆಗಿ,’ ಎಂದ ಮೈಲಾರಲಿಂಗಪ್ಪ. ‘ಸತ್ತಾವು ಅಂತ ನನಗೂ ಗೊತ್ತೈತಿ. ಸತ್ತ ಮ್ಯಾಲನ ಜ್ವಾಕಿ ಬೇಕಾಗಿರೋದು.’

ಭರತ ಪೇಟೆಯವನು, ತಿಳಿಯಲಿಲ್ಲ. ದ್ಯಾಮಕ್ಕನಿಗೆ ತಿಳಿಯಿತು. ಮೈಲಾರಲಿಂಗಪ್ಪನ ಮನೆತನದಲ್ಲಿ ಒಂದು ರೂಢಿಯಿತ್ತು. ಬೇರೆಯವರ ಕುರಿ ಸಾಕಲು ತಂದು ಹಿಂಡಿಗೆ ಬಿಟ್ಟುಕೊಂಡಾಗ, ಅದು ದಾರಿಯಲ್ಲಿ ಸತ್ತರೆ ಮಾಲೀಕನ ಗುರುತಿರುವ ಕಿವಿಯನ್ನು ಕೊಯ್ದು, ಉಪ್ಪು ಹಚ್ಚಿ ಒಣಗಿಸಿ, ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಎಷ್ಟು ತಿಂಗಳಾದರೂ ಊರಿಗೆ ಮರಳಿದ ದಿನ ಮಾಲೀಕನ ಮುಂದೆ ಅದನ್ನಿಟ್ಟು ‘ನೋಡಪ್ಪ, ನಿಂದು’ ಎನ್ನಬೇಕು. ಕಿವಿ ತೋರಿಸದವನನ್ನು ಮಾರಿ ತಿಂದವನೆಂದೇ ಲೆಕ್ಕ. ಮೈಲಾರಲಿಂಗಪ್ಪನ ಅಪ್ಪ ಒಂದು ಬೇನೆಯ ವರ್ಷ ಚೀಲ ತುಂಬ ಕಿವಿ ಹೊತ್ತು ತಂದು, ಮನೆಮನೆಗೆ ಹೋಗಿ ತೋರಿಸಿ, ತಲೆಯೆತ್ತಿಕೊಂಡೇ ವಾಪಸು ಬಂದಿದ್ದ.

‘ಯಾವುದು ಯಾರ್ದು ಅಂತ ನಿಮಗ ಗುರುತಾದ್ರೂ ಹೆಂಗ?’ ಭರತ ಕೆಣಕಿದ. ‘ಎಲ್ಲಾ ಬರೇ ಅಂಕಿ.’

‘ನಿನಗ ಕುರಿನೂ ಬರೇ ಕುರಿ. ಇದು ನೋಡು, ದ್ಯಾಮಕ್ಕಂದು, ಗ್ಯಾಸಿಂದು, ಕಾರ ಹುಣ್ಣಿಮಿ ಮರುದಿನ ಬಂದಿದ್ದು. ಇದು ಹುಲುಗೇಶಂದು, ಪಿಂಚಣಿದು.’

ದ್ಯಾಮಕ್ಕ ಕೆನ್ನೆಗೆ ಕೈಹಚ್ಚಿದಳು. ‘ಹೌದ್ರಪ್ಪೋ, ಅವತ್ತ ಗ್ಯಾಸ್ ಬಂದಿತ್ತು.’

ಗಡಿಯಾರ ನಾಲ್ಕು ದಾಟಿತ್ತು. ಶಿವಲೀಲಾ ಸ್ಟೂಲನ್ನು ದೊಡ್ಡಪ್ಪನ ಎದುರಿಗೆ ಎಳೆದುಕೊಂಡು ಕೂತಳು.

‘ಒಂದು ಮಾತು ಕೇಳ್ತೀನಿ. ಸಾಕಾಕ ತಂದ ಕುರೀನ ನೀ ಜೀವಂತ ಒಪ್ಪಿಸಿ ಬಂದಿ ಅನ್ಕೋ. ಆಮ್ಯಾಲ ಅದು ಅವ್ರ ಹಟ್ಟ್ಯಾಗ ಸತ್ತು ಹೋತು. ಕಿವಿ ಯಾರು ಇಟ್ಕೊಂತಾರ?’

‘ನಾ ಯಾಕ ಇಟ್ಕೊಳ್ಲಿ? ಒಪ್ಪಿಸಿದ ಮ್ಯಾಲ ಮುಗೀತು.’

‘ಮತ್ತ ಇವನ್ನೆಲ್ಲ ನೀ ಜೀವ ಇದ್ದಾಗನ ಅವ್ರ ಕಿವ್ಯಾಗ ಒಪ್ಪಿಸಿಲ್ಲೇನು? ಸತ್ತಿದ್ದು ಅವ್ರ ಮನ್ಯಾಗ.’

 ಮೈಲಾರಲಿಂಗಪ್ಪ ಹುಡುಗಿಯನ್ನು ದಿಟ್ಟಿಸಿದ. ಹಟ್ಟಿಯ ಹಿರಿಯರು ಮೂರು ದಿನ ಕಂಬಳಿ ಹಾಸಿ ಕೂತರೂ ಇಂಥ ನ್ಯಾಯ ಬಿಡಿಸುವುದು ಕಷ್ಟವಿತ್ತು. ಇದು ಹತ್ತನೇ ತರಗತಿ ಓದಿದ ಮಗು.

‘ಕೇಳಿದ್ಯಾ ಭರತ?’ ಎಂದ. ‘ನಮ್ಮ ಮನಿ ಹುಡುಗಿ.’ ಆಮೇಲೆ ಬೆರಳು ಮಡಿಚಿ ನೆನಪು ಮಾಡಿಕೊಂಡು, ‘ನಾಲ್ಕು ಅದಾವ, ಒಪ್ಪಿಸಾಕ ಆಗಿಲ್ಲ. ಎರಡು ಈರಕ್ಕಂದು, ಮಗಳ ಬಾಣಂತನಕ್ಕ ಹೋದಾಗಿಂದು. ಅವು ಇರಲಿ. ಉಳಿದಾವು ಹೋಗ್ಲಿ’ ಎಂದ.

ಒಂದೊಂದನ್ನೇ ಅವನೇ ಅಳಿಸಿದ. ಇಪ್ಪತ್ತು ಅಳಿಸುವಷ್ಟರಲ್ಲಿ ಫೋನು ಜೀವ ಬಂದಂತೆ ಬಡಕೊಳ್ಳತೊಡಗಿತು: ಟಿಣ್, ಟಿಣ್, ಟಿಣ್. ಮೂರು ದಿನ ಹೊರಗೆ ನಿಂತವೆಲ್ಲ ಒಮ್ಮೆಲೇ ನುಗ್ಗಿದವು. ದ್ಯಾಮಕ್ಕ ಎದ್ದು ನಿಂತು ಕೈಮುಗಿದಳು.

‘ಬಂತು! ಹೇಳ್ರಿ, ಮೊದ್ಲಿಂದು ಹೇಳ್ರಿ!’ ಭರತ ಕೀಬೋರ್ಡಿನ ಮೇಲೆ ಬೆರಳಿಟ್ಟ. ‘ಮೂರು ಸಲ ತಪ್ಪಾದ್ರ ನಾಳಿ ತನಕ ಲಾಕ್, ನೆನಪಿರಲಿ.’

‘ಅದಕ್ಕ ಸುಮ್ನಿರು. ಕುರಿ ಹಟ್ಟಿ ತಡಿಕಿ ಬಾಗಿಲ ತೆಗೆದ ಕೂಡ್ಲೆ ನುಗ್ಗೋವು ಮೊದಲ ಬಂದು ನಿಂತಾವು. ಇವೆಲ್ಲ ನಿನ್ನಿ, ಮೊನ್ನಿ ಸತ್ತಾವು. ಎಲ್ಲಾ ಒಳಗ ಬರ್ಲಿ. ನಾ ಹೇಳಿದಾಗ ಹೊಸದು ಕಳ್ಸು ಅನ್ನು.’

ಅಳಿಸುತ್ತಲೇ ಹೋದ. ಬರುವವು ಬಂದವು. ಕೊನೆಗೆ ಫೋನು ಸುಮ್ಮನಾಯಿತು, ಲಕೋಟೆಯ ಮಿಣುಕು ನಿಂತಿತು. ಗಡಿಯಾರದಲ್ಲಿ ನಾಲ್ಕು ನಲವತ್ತೆಂಟು.

‘ಈಗ ಒತ್ತು.’

ಭರತ ಒತ್ತಿದ. ನಾಲ್ಕು ಉಸಿರು ಎಳೆಯುವಷ್ಟು ಹೊತ್ತು. ಟಿಣ್.

ಮೈಲಾರಲಿಂಗಪ್ಪ ಎದ್ದು ನಿಂತು ರುಮಾಲು ಸರಿಮಾಡಿಕೊಂಡ. ಮೆಸೇಜಿನ ಹೊತ್ತು ನೋಡಿದ. ಬಾಗಿ ಶಿವಲೀಲಾಳ ಕಿವಿಯಲ್ಲಿ ಆರು ಅಂಕಿ ಉಸುರಿದ.

‘ಜೋರಾಗಿ ಹೇಳ್ರಿ, ಟೈಪ್ ಮಾಡೋನು ನಾನು!’

‘ನೀ ಏಳು. ಆಕಿ ಮಾಡ್ತಾಳ.’

ಭರತ ತನ್ನ ಅಂಗಡಿಯಲ್ಲಿ ತನ್ನದೇ ಕುರ್ಚಿ ಬಿಟ್ಟು ಎದ್ದ. ಶಿವಲೀಲಾ ಕೂತು ಆರೂ ಅಂಕಿ ಹೊಡೆದಳು. ಪರದೆಯ ಮೇಲೆ ಹಸಿರು ಗುರುತು ಬಿತ್ತು. ಅವಳು ಕೆಳಗಿನ ಗುಂಡಿಯನ್ನೂ ಒತ್ತಿದಳು.

ಪಶುಸಂಗೋಪನೆ ಡಿಪ್ಲೊಮಾಕ್ಕೆ ಶಿವಲೀಲಾ ಹಾಕಿದ ಅರ್ಜಿ ಸಂಜೆ ನಾಲ್ಕು ಐವತ್ತೆರಡಕ್ಕೆ ಸಲ್ಲಿಕೆಯಾಯಿತು.