ಕುಣಿಯ ಮಣ್ಣು

ಗೋಸುಂಬೆಗೆ ಬಟ್ಟಲಲ್ಲಿ ನೀರಿಟ್ಟರೆ ಬಾಯಾರಿ ಸಾಯುತ್ತದೆಯೇ ಹೊರತು ಕುಡಿಯುವುದಿಲ್ಲ. ಎಲೆಗಳ ಮೇಲೆ ಚಿಮುಕಿಸಬೇಕು, ಹನಿ ಹನಿಯಾಗಿ ನೆಕ್ಕುತ್ತದೆ. ಇಷ್ಟು ಕಲಿಯಲು ನನಗೆ ನಾಲ್ಕು ದಿನ ಹಿಡಿಯಿತು. ಚಿಮ್ಮಡದ ಹಾದಿಯಲ್ಲಿ ಕಲ್ಲೇಟು ತಿಂದು ಬಿದ್ದಿದ್ದ ಅದನ್ನು ಸೆರಗಿನಲ್ಲಿ ಸುತ್ತಿ ಬನಹಟ್ಟಿಗೆ ತಂದೆ, ಹಿತ್ತಲಿನ ಕುಂಡದ ದಾಸವಾಳಕ್ಕೆ ಬಿಟ್ಟೆ, ತಂಗೆವ್ವ ಎಂದು ಕರೆದೆ. ದಿನಾ ಏಳೆಂಟು ಮಿಡತೆ, ಅವು ಸಿಗದಿದ್ದರೆ ಮಗ್ಗದ ಸಂದಿಯ ಜಿರಳೆ. ಹುಳದ ತಲೆಯನ್ನು ಅದು ಕಚಕಚ ಅಗಿಯುವುದನ್ನು ನೋಡಿದರೆ ನನಗೂ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಅಣ್ಣ ಸುಭಾಷನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಗೋಸುಂಬೆ ಹೊಕ್ಕ ಮನೆ ಹಾಳು ಎನ್ನುತ್ತಿದ್ದ. ಗಂಡನನ್ನು ಬಿಟ್ಟು ಬಂದು, ಅವನ ಎರಡು ಪವರ್‌ಲೂಮಿಗೆ ಬೆಳಗಿನಿಂದ ನೂಲಿನ ಕಂಡಿಕೆ ಸುತ್ತುವ ನನಗೂ ಅದೇ ಮಾತು. ಕೈ ಎತ್ತಿದ್ದೂ ಉಂಟು. ನಾನು ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ತಂಗೆವ್ವ ಮಿಡತೆ ಕೊಟ್ಟರೂ ಮೂಸಲಿಲ್ಲ. ಹೊಟ್ಟೆ ಉಬ್ಬಿಸಿಕೊಂಡು, ಗಿಡದಿಂದಿಳಿದು ಫರಸಿಕಲ್ಲು ಹಾಸಿದ ನೆಲವನ್ನು ಕೆರೆಯುತ್ತಿತ್ತು. ಪಕ್ಕದ ಮನೆಯ ಯಂಕವ್ವ ನೋಡಿ, ಬಸುರಿ ಅದು, ತತ್ತಿ ಇಡಲು ಮೆತ್ತನೆಯ ಮಣ್ಣು ಕೊಡು, ಇಲ್ಲದಿದ್ದರೆ ಹೊಟ್ಟೆಯಲ್ಲೇ ಕಟ್ಟಿಕೊಂಡು ಸಾಯುತ್ತದೆ ಎಂದಳು. ಕುಂಡದ ಮಣ್ಣು ಬೇರು ಹೆಣೆದು ಗಟ್ಟಿಯಾಗಿತ್ತು. ನಮ್ಮ ಮನೆಯಲ್ಲಿ ಮೆತ್ತನೆಯ ಮಣ್ಣು ಇದ್ದದ್ದು ಒಂದೇ ಕಡೆ. ಅಪ್ಪ ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದ ಕುಣಿಮಗ್ಗದ ಕುಣಿ. ಅಪ್ಪ ಸತ್ತ ವರ್ಷ ಅದನ್ನು ಮಣ್ಣು ತುಂಬಿ ಮುಚ್ಚಿದ್ದೆವು.

ಮೂರನೆಯ ಪವರ್‌ಲೂಮಿಗಾಗಿ ಅಣ್ಣ ಅದೇ ಜಾಗಕ್ಕೆ ಸಿಮೆಂಟು ಹಾಕುವವನಿದ್ದ. ಕಾಲು ಹಿಡಿದು ಕೇಳಿದೆ. ಸೋಮವಾರದ ತನಕ ಮುಟ್ಟುವುದಿಲ್ಲವೆಂದು ಅಪ್ಪನ ಆಣೆ ಮಾಡಿದ. ತಂಗೆವ್ವನನ್ನು ತಂದು ಕುಣಿಯ ಮಣ್ಣಿಗೆ ಬಿಟ್ಟೆ.

ಶನಿವಾರ ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬಂದರೆ ಬಾಗಿಲಲ್ಲೇ ಸಿಮೆಂಟಿನ ಚೀಲ. ಒಳಗೆ ತಂಗೆವ್ವ ತತ್ತಿ ಇಟ್ಟು, ಹಿಂಗಾಲಿನಿಂದ ಮಣ್ಣು ಮುಚ್ಚುತ್ತಿತ್ತು. ಅಣ್ಣ ಸಲಿಕೆ ಎತ್ತಿ ನಿಂತಿದ್ದ. ಬೇಡ ಅಂದೆ. ನನ್ನ ಮುಖ ನೋಡಿಯೇ ಹೊಡೆದ. ತಂಗೆವ್ವನ ನಡು ತುಂಡಾಯಿತು. ಮೈಯೆಲ್ಲ ಕಪ್ಪಾಗಿ, ಕರುಳು ಮಣ್ಣಿಗೆ ಬಿದ್ದಿದ್ದರೂ ಆ ಹಿಂಗಾಲು ಇನ್ನೂ ಮಣ್ಣು ಎಳೆಯುತ್ತಿತ್ತು. ಅಣ್ಣ ನಕ್ಕ. ತತ್ತಿಗಳ ಮೇಲೆ ಮತ್ತೆ ಸಲಿಕೆ ಎತ್ತಿದ.

ಮೂಲೆಯಲ್ಲಿ ಅಪ್ಪನ ಮಗ್ಗದ ತುಳಿಯುವ ಹಲಗೆ ಇತ್ತು. ಎರಡೂ ಕೈಯಿಂದ ಎತ್ತಿ ಅವನ ಬಲಗೈ ಮಣಿಕಟ್ಟಿಗೆ ಹೊಡೆದೆ. ಎಲುಬು ಮುರಿದ ಸದ್ದು ಕೇಳಿಸಿತು. ಸಲಿಕೆ ಬಿತ್ತು, ಅವನೂ ಬಿದ್ದ. ಇನ್ನೆರಡು ಬಿಟ್ಟೆ, ಭುಜಕ್ಕೆ. ಇಷ್ಟು ವರ್ಷದ್ದು ಒಂದೇ ದಿನ ಹೊರಬಂತು, ಹಾಯೆನಿಸಿತು. ಆಮೇಲೆ ಮಂಡಿಯೂರಿ, ಉಳಿದ ಮಣ್ಣನ್ನು ನಾನೇ ಮುಚ್ಚಿದೆ.

ಜಮಖಂಡಿಯ ದವಾಖಾನೆಗೂ ಅವನನ್ನು ನಾನೇ ಆಟೋದಲ್ಲಿ ಕರೆದೊಯ್ದೆ. ಡಾಕ್ಟರು ಹೇಗಾಯಿತು ಎಂದು ಕೇಳಿದರು. ಪವರ್‌ಲೂಮಿಗೆ ಸಿಕ್ಕಿತು ಎಂದ ಅಣ್ಣ. ತಂಗಿಯ ಕೈಯಲ್ಲಿ ಪೆಟ್ಟು ತಿಂದೆನೆಂದು ಯಾವ ಬಾಯಿಂದ ಹೇಳಿಯಾನು?

"ಮಷಿನ್ ಅಲ್ಲರಿ, ನಾನ ಹೊಡದೇನಿ," ಅಂದೆ. "ಕುಣ್ಯಾಗ ತತ್ತಿ ಅದಾವ. ಮರಿ ಹೊರಗ ಬರೂತನಕ ಅಲ್ಲಿ ಸಿಮೆಂಟ್ ಹಾಕಿದ್ರ ಇನ್ನೊಂದ ಕೈನೂ ಮುರೀತೇನಿ. ಹಂಗ ಬರ್ಕೊಳ್ರಿ."

ಡಾಕ್ಟರು ಪೆನ್ನು ಹಿಡಿದು ಅಣ್ಣನ ಮುಖ ನೋಡಿದರು. ಅಣ್ಣ ಮೇಜಿನ ಮೇಲಿದ್ದ ಎಡಗೈಯನ್ನು ಮೆಲ್ಲಗೆ ಎಳೆದುಕೊಂಡ.