ಎಲ್ಲರಿಗೂ ಜ್ವರ ಬಂದ ವಾರ

ಆ ಯಂತ್ರವನ್ನು ನಾನು ಮೊದಲ ಸಲ ಕಂಡಾಗ ಅದರ ಮೇಲೊಂದು ನೀಲಿ ಬಟ್ಟೆ ಹೊದಿಸಿತ್ತು. ದಪ್ಪ ಹತ್ತಿಯ ಬಟ್ಟೆ, ಸುತ್ತ ಅಂಚಿಗೆ ಕೈಯಲ್ಲಿ ಹೆಣೆದ ಬಿಳಿ ಲೇಸು. ಆಸ್ಪತ್ರೆಯ ಆಯಾ ಫಿಲೋಮಿನಮ್ಮ ಮನೆಯಲ್ಲಿ ಹೊಲಿದು ತಂದಿದ್ದರು. ಹೊಸ ವಸ್ತುವಿನ ಮೇಲೆ ಧೂಳು ಕೂರಬಾರದೆಂಬುದು ಅವರ ಕಾಳಜಿ. ಬೆಳಿಗ್ಗೆ ಬಾಗಿಲು ತೆರೆದೊಡನೆ ಬಟ್ಟೆಯನ್ನು ಎರಡೂ ಕೈಯಿಂದ ಎತ್ತಿ, ಮಡಿಸಿ, ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದರು. ಸಂಜೆ ಮತ್ತೆ ಹೊದಿಸುತ್ತಿದ್ದರು, ಮಗುವನ್ನು ಮಲಗಿಸಿದ ಹಾಗೆ.

ಬಟ್ಟೆ ತೆಗೆದರೆ ಕೆಳಗೆ ಆಳೆತ್ತರದ ಪೆಟ್ಟಿಗೆ, ಅದರ ಮುಖದಲ್ಲಿ ಅಗಲವಾದ ಗಾಜು. ಆಸ್ಪತ್ರೆಗೆ ಬಂದವರು ಗಾಜಿನ ಮೇಲೆ ಮೂಡುವ ಕಾಯಿಲೆಗಳಲ್ಲಿ ತಮ್ಮದನ್ನು ಬೆರಳಿನಿಂದ ಒತ್ತಬೇಕು. ಯಾವ ಡಾಕ್ಟರು, ಯಾವ ಕೋಣೆ ಎಂದು ಚೀಟಿ ಬರುತ್ತದೆ. ಅದಕ್ಕೆ ಮೊದಲು ಆ ಕೆಲಸವನ್ನು ಕಂಬಿಗಳ ಹಿಂದೆ ಕುಳಿತ ಗುಮಾಸ್ತನೊಬ್ಬ ಮಾಡುತ್ತಿದ್ದ. "ಏನು ಕಾಯಿಲೆ? ಜೋರಾಗಿ ಹೇಳಿ!" ಎಂಬ ಅವನ ಕೂಗು ಬೀದಿಯವರೆಗೂ ಕೇಳುತ್ತಿತ್ತು. ಜನ ಕಂಬಿಗೆ ಬಾಯಿಟ್ಟು ಏನೋ ಗೊಣಗುತ್ತಿದ್ದರು. ಸಾಲು ಮಾತ್ರ ಕರಗುತ್ತಿರಲಿಲ್ಲ.

ಗಾಜಿನ ಮೇಲೆ ಏನು ಕಾಣಬೇಕು, ಹೇಗೆ ಕಾಣಬೇಕು ಎಂಬುದನ್ನು ರೂಪಿಸಿದವಳು ಪರಿಮಳಾ. ಸಣ್ಣ ವಯಸ್ಸು, ದೊಡ್ಡ ಹಟ. ಕಣ್ಣು ಮಂಜಾದವರಿಗೆಂದು ಅಕ್ಷರಗಳನ್ನು ಅಂಗೈಯಷ್ಟು ದೊಡ್ಡದು ಮಾಡಿದ್ದಳು. ಓದು ಬಾರದವರಿಗೆಂದು ಪ್ರತಿ ಕಾಯಿಲೆಯ ಪಕ್ಕ ಒಂದು ಚಿತ್ರ. ಜೊತೆಗೆ, ಒತ್ತಿದ್ದನ್ನು ಹೆಣ್ಣುದನಿಯೊಂದು ಸ್ಪಷ್ಟವಾಗಿ ಓದಿ ಹೇಳುತ್ತಿತ್ತು. ಬೆರಳು ನಡುಗುವವರಿಗೆಂದು ಗುಂಡಿಗಳು ಅಗಲ. ಮಾತು ಬರೆಯಲು ಅವಳು ಊರಿನ ಪತ್ರಿಕೆಯ ಸಂಪಾದಕರನ್ನು ಕೇಳಿ ನನ್ನನ್ನು ಎರವಲು ಪಡೆದಿದ್ದಳು.

"ಶೀರ್ಷಿಕೆ ಬರೆಯೋರು ನೀವು. ಚಿಕ್ಕ ಜಾಗದಲ್ಲಿ ಎಲ್ಲರಿಗೂ ತಿಳಿಯೋ ಹಾಗೆ ಬರೀಬೇಕು," ಎಂದಳು.

'ಜಠರ ಸಂಬಂಧಿ ತೊಂದರೆಗಳು' ಎಂದು ಬರೆದುಕೊಟ್ಟೆ. ಅವಳು ಓದಿ, ನನ್ನ ಮುಖ ನೋಡಿ, "ಪೇಪರಿನವರೇ, ನಿಮಗೆ ಹೊಟ್ಟೆನೋವು ಬಂದ್ರೆ ಮನೇಲಿ ಹೀಗೇ ಹೇಳ್ತೀರಾ?" ಎಂದಳು. ಹೊಟ್ಟೆನೋವು ಎಂದೇ ಉಳಿಯಿತು.

ಆಡಳಿತಾಧಿಕಾರಿ ಪಟ್ಟಾಭಿರಾಮಯ್ಯನವರಿಗೆ ಯಂತ್ರದಲ್ಲಿ ನಂಬಿಕೆ ಇರಲಿಲ್ಲ. "ಈ ವಾರದ ಕೊನೆವರೆಗೆ ಕೊಡ್ತೀನಿ. ಜನಕ್ಕೆ ಉಪಯೋಗ ಇಲ್ಲ ಅಂತ ಕಂಡ್ರೆ ಇದು ಗೋಡೌನಿಗೆ, ಗುಮಾಸ್ತ ವಾಪಸ್ ಕಂಬಿ ಹಿಂದೆ," ಎಂದು ಹೇಳಿ ಹೋದರು. ಹಾಗಾದರೆ ಪರಿಮಳೆಯ ಕೆಲಸವೂ ಗೋಡೌನಿಗೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೊದಲ ದಿನ ಹಬ್ಬದಂತಿತ್ತು. ಜನ ಬಂದರು, ಒತ್ತಿದರು, ಚೀಟಿ ಹಿಡಿದು ನಡೆದರು. ಪರಿಮಳಾ ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಪ್ರತಿಯೊಬ್ಬರಿಗೂ ಬಿಸ್ಕತ್ತು ಕೊಟ್ಟು, "ಹೇಗಿದೆ?" ಎಂದು ಕೇಳಿದಳು. "ಭಾಳ ಚೆನ್ನಾಗಿದೆ ತಾಯಿ." "ಏನು ಅಕ್ಷರ, ಏನು ದನಿ!" "ನಿನ್ನ ಹೊಟ್ಟೆ ತಣ್ಣಗಿರಲಿ." ಒಬ್ಬರ ಬಾಯಲ್ಲೂ ಒಂದು ದೂರಿಲ್ಲ. ಪತ್ರಿಕೆಯಲ್ಲಿ ಇಷ್ಟು ವರ್ಷ ಇದ್ದವನಿಗೆ ಇದು ಸರಿ ಕಾಣಲಿಲ್ಲ. ಯಾರೂ ದೂರು ಹೇಳದ ನೀರಿನ ನಲ್ಲಿಯನ್ನು ಕೂಡ ನಮ್ಮೂರು ಕಂಡದ್ದಿಲ್ಲ.

ಸಂಜೆ, ಯಾವ ಕಾಯಿಲೆಯನ್ನು ಎಷ್ಟು ಜನ ಒತ್ತಿದರೆಂದು ಪರಿಮಳಾ ತೆಗೆದು ನೋಡಿದಳು. ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ಒತ್ತಿದ್ದು ಜ್ವರ.

ಊರಿಗೆ ಊರೇ ಜ್ವರದಲ್ಲಿ ಮಲಗುತ್ತಿದೆ, ಯಾರಿಗೂ ಸುದ್ದಿಯಿಲ್ಲ! ನನ್ನ ಮನಸ್ಸಿನಲ್ಲಿ ಶೀರ್ಷಿಕೆ ಆಗಲೇ ಅಚ್ಚಾಗುತ್ತಿತ್ತು. ಆದರೆ ಕೇಳದೆ ಬರೆಯುವುದು ನಮ್ಮ ಪದ್ಧತಿಯಲ್ಲ. ಜ್ವರದ ಡಾಕ್ಟರ ಕೋಣೆಗೆ ಓಡಿದೆ. ಅವರು ಮೇಜಿನ ಮೇಲೆ ತಲೆಯಿಟ್ಟು ಕುಳಿತಿದ್ದರು.

"ಜ್ವರ ಹೇಗಿದೆ ಡಾಕ್ಟ್ರೇ? ಹರಡ್ತಾ ಇದೆಯಾ?"

"ಯಾವ ಜ್ವರ ರೀ?" ಅವರು ತಲೆಯೆತ್ತಿದರು. "ಬೆಳಿಗ್ಗೆಯಿಂದ ಕಂಡಕಂಡವರ ಬಾಯಿಗೆ ಥರ್ಮಾಮೀಟರ್ ಇಟ್ಟು ಸಾಕಾಯ್ತು. ಜ್ವರ ಮಾತ್ರ ಎಲ್ಲೂ ಸಿಗಲಿಲ್ಲ. ಮಾತ್ರೆ ಕೊಡಿ ಅಂತಾರೆ, ಇಸ್ಕೊಳ್ತಾರೆ, ಹೋಗ್ತಾರೆ. ಆ ಯಂತ್ರಕ್ಕೆ ತಲೆ ಕೆಟ್ಟಿದೆ. ಪಟ್ಟಾಭಿರಾಮಯ್ಯನವರಿಗೆ ಹೇಳ್ತೀನಿ."

ಸುದ್ದಿ ಸತ್ತಿತು, ಒಗಟು ಹುಟ್ಟಿತು. ನಿಜ ಹೇಳಬೇಕೆಂದರೆ ಆ ವಾರದಷ್ಟು ಹುಮ್ಮಸ್ಸಿನಿಂದ ನಾನು ಯಾವ ಸುದ್ದಿಯ ಬೆನ್ನನ್ನೂ ಹತ್ತಿರಲಿಲ್ಲ.

"ಜ್ವರ ಎಲ್ಲಕ್ಕಿಂತ ಮೇಲಿದೆ," ಎಂದಳು ಪರಿಮಳಾ. "ಮೊದಲು ಕಂಡದ್ದಕ್ಕೆ ಬೆರಳು ಹೋಗುತ್ತೆ. ಅಷ್ಟೇ." ಜ್ವರವನ್ನು ಎಲ್ಲಕ್ಕಿಂತ ಕೆಳಗಿಟ್ಟಳು. ಮರುದಿನ ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಮೊದಲ ಬೆರಳು ಗಾಜಿನ ಮೇಲೆ ಒಂದು ಕ್ಷಣ ಅಲೆದಾಡಿ, ಒಂದೊಂದಾಗಿ ಕೆಳಗಿಳಿದು, ಕೊನೆಗೆ ಜ್ವರವನ್ನು ಹುಡುಕಿ ಹಿಡಿಯಿತು. ಎರಡನೆಯದೂ ಅಷ್ಟೆ. ಮೂರನೆಯದೂ.

ಮೂರನೆಯ ದಿನ ಅವಳು ಸಿಟ್ಟಿಗೆದ್ದು ಜ್ವರವನ್ನೇ ತೆಗೆದುಹಾಕಿದಳು. "ಈಗ ಏನು ಒತ್ತುತ್ತಾರೋ ನೋಡೇಬಿಡೋಣ!"

ಕೆಮ್ಮು ಒತ್ತಿದರು. ಒತ್ತಿದವರು ಬೆಂಚಿಗೆ ಬಂದು ಕೂತು, ಚೀಟಿಗೆ ಮರ್ಯಾದೆ ಕೊಡುವಂತೆ ಒಂದೆರಡು ಸಲ ಕೆಮ್ಮಿದರು. ಪಕ್ಕದವರೂ ಕೆಮ್ಮಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಹಾಲ್ ಕೆಮ್ಮುತ್ತಿತ್ತು. ಫಿಲೋಮಿನಮ್ಮ ಗಾಬರಿಯಾಗಿ ಕಿಟಕಿಗಳನ್ನೆಲ್ಲ ತೆರೆದರು. ಪರಿಮಳಾ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ಎಲ್ಲಿ ನಿಂತಿತು, ಅಳು ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ. ನಾಡಿದ್ದು ಪಟ್ಟಾಭಿರಾಮಯ್ಯನವರು ಬರುವವರಿದ್ದರು.

ಮಾರನೆಯ ಬೆಳಿಗ್ಗೆ ಜ್ವರ ತನ್ನ ಜಾಗಕ್ಕೆ ಮರಳಿತ್ತು. ಪರಿಮಳಾ ಕಾಫಿ ತರಲು ಕ್ಯಾಂಟೀನಿಗೆ ಹೋಗಿದ್ದಳು. ಅವಳ ಕುರ್ಚಿ ಖಾಲಿ. ನಾನು ಬೆಂಚಿನ ಮೇಲೆ ಪತ್ರಿಕೆ ಬಿಡಿಸಿಕೊಂಡು ಕುಳಿತಿದ್ದೆ. ಇಬ್ಬರು ಹೆಂಗಸರು ಒಟ್ಟಿಗೆ ಬಂದು ಯಂತ್ರದ ಮುಂದೆ ನಿಂತರು. ಅಣ್ಣತಮ್ಮಂದಿರ ಹೆಂಡತಿಯರು, ವಾರಗಿತ್ತಿಯರು. ಹಿರಿಯಾಕೆ ದೇವೀರಮ್ಮ, ಅಡ್ಡಕ್ಕೂ ಉದ್ದಕ್ಕೂ ಬೆಳೆದ ಹೆಂಗಸು. ಕಿರಿಯಾಕೆ ಚಿಕ್ಕತಾಯಿಯನ್ನು ಮೊದಲ ದಿನವೇ ಕಂಡ ನೆನಪಿತ್ತು. ಬಿಸ್ಕತ್ತನ್ನು ಸೆರಗಿಗೆ ಕಟ್ಟಿಕೊಂಡು ಹೋಗಿದ್ದಳು.

"ಒತ್ತೇ. ಏನು ನೋಡ್ತಾ ನಿಂತೆ?" ಎಂದರು ದೇವೀರಮ್ಮ.

ಚಿಕ್ಕತಾಯಿಯ ಬೆರಳು ಜ್ವರದ ಕಡೆ ಹೋಯಿತು. ದೇವೀರಮ್ಮ ಆ ಕೈಯನ್ನು ಗಪ್ಪನೆ ಹಿಡಿದರು.

"ನಿಂಗೆಲ್ಲಿ ಬಂದಿತ್ತೇ ಜ್ವರ? ಗೋಡೆ ಹಿಡ್ಕೊಂಡು ನರಳ್ತಿದ್ದೆಯಲ್ಲ, ಅದು ಜ್ವರವಾ?"

"ಸುಮ್ನಿರಕ್ಕ."

"ಸುಮ್ನಿದ್ದು ಸುಮ್ನಿದ್ದೇ ಜ್ವರದ ಮಾತ್ರೆ ನುಂಗಿ ನುಂಗಿ ಹೀಗಾಗಿದೀಯ. ಇರೋದನ್ನ ಒತ್ತು."

"ನೀನೇ ಒತ್ತು ನೋಡೋಣ! ಒಂದ್ಸಲ ಹಿಂದೆ ತಿರುಗಿ ನೋಡು. ಎಷ್ಟು ಜನ ಕೂತಿದಾರೆ? ಆ ಅಕ್ಷರ ನೋಡು, ಬಸ್ ಸ್ಟ್ಯಾಂಡಿನ ಬೋರ್ಡ್ ಥರ. ಸಾಲದು ಅಂತ ಒತ್ತಿದ ತಕ್ಷಣ ಬಾಯಿಬಿಟ್ಟು ಕೂಗುತ್ತೆ. ಮುಂಚೆ ಆ ಗುಮಾಸ್ತ ಕೂಗ್ತಿದ್ದ. ಇದು ಅವನ ಅಕ್ಕ."

ದೇವೀರಮ್ಮ ತಿರುಗಿ ನೋಡಿದರು. ಬೆಂಚಿನ ತುಂಬ ಜನ. ಎಲ್ಲರ ಕಣ್ಣೂ ಗಾಜಿನ ಮೇಲೆ. ನಾನು ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿದೆ.

"ಥೂ, ಹೌದಲ್ಲೇ. ಮತ್ತೆ ಮೊನ್ನೆ ಆ ಹುಡುಗಿ ಕೇಳಿದ್ದಕ್ಕೆ ಚೆನ್ನಾಗಿದೆ ಅಂದೆ ಅಂತಿದ್ದೆ?"

"ಇನ್ನೇನು ಹೇಳ್ಲಿ? ಪಾಪ, ಕೈಗೆ ಬಿಸ್ಕತ್ತು ಕೊಟ್ಟು ಕೇಳ್ತಾಳೆ. ಉಂಡ ಮನೇಲಿ ಉಪ್ಪಿಲ್ಲ ಅಂತಾರಾ ಯಾರಾದ್ರೂ?"

ದೇವೀರಮ್ಮ ಒಂದು ಗಳಿಗೆ ಯೋಚಿಸಿದರು. ಆಮೇಲೆ ತಮ್ಮ ಸೆರಗನ್ನು ಬಿಡಿಸಿ, ಬಲೆ ಬೀಸುವವರ ಹಾಗೆ, ವಾರಗಿತ್ತಿಯ ತಲೆಯಿಂದ ಯಂತ್ರದ ನೆತ್ತಿಯವರೆಗೆ ಹರಡಿದರು. ಒಂದು ಕೈಯಿಂದ ಸೆರಗಿನ ತುದಿ ಹಿಡಿದು, ಇನ್ನೊಂದು ಅಂಗೈಯನ್ನು ದನಿ ಬರುವ ತೂತುಗಳ ಮೇಲೆ ಅದುಮಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ನಾನೂ ನೋಡಲ್ಲ. ಒತ್ತು."

ಸೆರಗಿನೊಳಗೆ ಸ್ವಲ್ಪ ಹೊತ್ತು ಏನೂ ಅಲುಗಲಿಲ್ಲ. ಬಳಿಕ ಒಂದು ಬಳೆ ಸದ್ದು ಮಾಡಿತು. ಅಂಗೈಯ ಅಡಿಯಲ್ಲಿ ಹೆಣ್ಣುದನಿ ಉಸಿರುಗಟ್ಟಿ ಏನೋ ಹೇಳಿತು. ಚೀಟಿ ಬಂತು. ಅದರಲ್ಲಿದ್ದ ಡಾಕ್ಟರು ಮಾರನೆಯ ಬೆಳಿಗ್ಗೆ ಸಿಗುವವರು. ವಾರಗಿತ್ತಿಯರು ಗುಟ್ಟಾಗಿ ಜಗಳವಾಡುತ್ತ ಹೊರಟುಹೋದರು.

ಬಾಗಿಲಲ್ಲಿ ಪರಿಮಳಾ ನಿಂತಿದ್ದಳು. ಕೈಯಲ್ಲಿದ್ದ ಲೋಟ ವಾಲಿ ಕಾಫಿ ಅವಳ ಸೀರೆಯ ಮೇಲೆ ಸುರಿಯುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಕಂಡಿರಾ?" ಎಂದಳು. "ಕಂಡಿರಾ ಪೇಪರಿನವರೇ? ಕಣ್ಣು ಕಾಣದವರನ್ನ ನೆನೆದೆ, ಓದು ಬಾರದವರನ್ನ ನೆನೆದೆ. ಬೆಂಚಿನ ಮೇಲೆ ಕೂತವರನ್ನ ನೆನೆಯಲೇ ಇಲ್ಲ. ನಾನು ಅಕ್ಷರ ದೊಡ್ಡದು ಮಾಡಿದ್ದು ಅವರಿಗೇ ಉಪಯೋಗ ಆಯ್ತಲ್ಲ!" ಬೇರೆ ಯಾರಾದರೂ ಕುಗ್ಗುತ್ತಿದ್ದರು. ಅವಳು ಕಾಫಿಯ ಲೋಟವನ್ನು ನನ್ನ ಕೈಗಿತ್ತು ಓಡಿದಳು.

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಕೈಗೆ ಸಿಕ್ಕದ್ದೊಂದೂ ತನ್ನ ಜಾಗದಲ್ಲಿ ಉಳಿಯಲಿಲ್ಲ. ಗಾಜನ್ನು ಪೆಟ್ಟಿಗೆಯಿಂದ ಬಿಚ್ಚಿ, ಮೇಜಿನ ಮೇಲೆ ಅಂಗಾತ ಮಲಗಿಸಿದೆವು. ಈಗ ಬಗ್ಗಿದವರಿಗೆ ಮಾತ್ರ ಕಾಣುತ್ತಿತ್ತು; ಅಕ್ಷರ ಅಷ್ಟೇ ದೊಡ್ಡದು, ಚಿತ್ರ ಅಷ್ಟೇ ಸ್ಪಷ್ಟ. ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಟೆಲಿಫೋನಿನ ರಿಸೀವರನ್ನು ಕಿತ್ತು ತಂದು ದನಿಯನ್ನು ಅದರೊಳಕ್ಕೆ ಹಾಯಿಸಿದಳು: ಕಿವಿಗಿಟ್ಟುಕೊಂಡವರಿಗಷ್ಟೇ ಕೇಳಬೇಕು. ವಾರ್ಡಿನಿಂದ ಎರಡು ಗ್ಲುಕೋಸ್ ಸ್ಟ್ಯಾಂಡುಗಳು ಬಂದವು, ಅವುಗಳ ನಡುವೆ ಒಂದು ಕೋಲು. ಕೋಲಿನ ಮೇಲೆ ಹಾಕಲು ಏನಾದರೂ ಬೇಕಿತ್ತು. ಪರಿಮಳೆಯ ಕಣ್ಣು ಕಿಟಕಿಯ ಕಟ್ಟೆಗೆ ಹೋಯಿತು.

"ಅಯ್ಯೋ, ಅದು ಧೂಳಿಗೆ ಅಂತ ಹೊಲಿದಿದ್ದು ಕಣಮ್ಮ," ಎಂದರು ಫಿಲೋಮಿನಮ್ಮ.

"ಇವತ್ತಿಂದ ಕಣ್ಣಿಗೆ, ಫಿಲೋಮಿನಮ್ಮ."

ನೀಲಿ ಬಟ್ಟೆ ಕೋಲಿನಿಂದ ಇಳಿಬಿದ್ದಿತು. ಪರಿಮಳಾ ತನ್ನ ಕುರ್ಚಿಯನ್ನೂ ಬಿಸ್ಕತ್ತಿನ ಡಬ್ಬಿಯನ್ನೂ ಹೊರಗೆ ಸಾಗಿಸಿ, ತಾನೂ ವರಾಂಡಕ್ಕೆ ಹೋಗಿ ಕಂಬದ ಮರೆಯಲ್ಲಿ ನಿಂತಳು. ಹೇಗಿದೆ ಎಂದು ಯಾರನ್ನೂ ಕೇಳಕೂಡದೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿತ್ತು.

ಮೊದಲು ಬಂದ ಮುದುಕರು ಬಟ್ಟೆಯ ಸುತ್ತ ಒಂದು ಸುತ್ತು ಹಾಕಿ, ಅನುಮಾನದಿಂದ ಲೇಸನ್ನು ಮುಟ್ಟಿ ನೋಡಿ, ಒಳಗೆ ತಲೆ ಹಾಕಿದರು. ಹೊರಬಂದಾಗ ಚೀಟಿ ನೋಡಿಕೊಂಡು ಜ್ವರದ ಕೋಣೆಯನ್ನು ದಾಟಿ ಮುಂದೆ ನಡೆದರು. ನಾನು ಪತ್ರಿಕೆಯ ಮೇಲಿಂದ ನೋಡುತ್ತಲೇ ಇದ್ದೆ. ಮುಂದಿನವರು ಎಡಕ್ಕೆ ತಿರುಗಿದರು. ಅದರ ಮುಂದಿನವರು ಮೆಟ್ಟಿಲು ಹತ್ತಿದರು. ವರ್ಷಗಳಿಂದ ಹೊಸ ಮುಖ ಕಾಣದ ಕೋಣೆಗಳಲ್ಲಿ ಫ್ಯಾನುಗಳು ತಿರುಗಿದವು. ಜ್ವರದ ಡಾಕ್ಟರು ಬಾಗಿಲಿಗೆ ಬಂದು, "ನನ್ನವರೆಲ್ಲ ಎಲ್ಲಿ ಹೋದ್ರು?" ಎಂದು ಹಾಲಿನ ತುಂಬ ಹುಡುಕಿದರು. ಕಂಬದ ಮರೆಯಲ್ಲಿ ಪರಿಮಳಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಣಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ಪಟ್ಟಾಭಿರಾಮಯ್ಯನವರು ಬಂದರು. ಹೊಳೆಯುವ ಬೂಟು, ಇಸ್ತ್ರಿ ಮಾಡಿದ ಮುಖ. ಜ್ವರದ ಡಾಕ್ಟರ ಮೊದಲ ದಿನದ ದೂರು ಅವರಿಗೆ ತಲುಪಿತ್ತು, ಆಮೇಲಿನದು ತಲುಪಿರಲಿಲ್ಲ.

"ಏನ್ರೀ ಇದು? ಆಸ್ಪತ್ರೆಯೋ, ಫೋಟೋ ಸ್ಟುಡಿಯೋನೋ?"

"ಸರ್, ಒಂದೇ ಒಂದು ಸಲ ನೀವೇ..." ಎಂದಳು ಪರಿಮಳಾ.

"ನೋಡ್ತೀನಿ. ಒಂದು ನಿಮಿಷದ ಕೆಲಸ. ಗೋಡೌನಿನ ಬೀಗದ ಕೈ ತರಿಸಿಟ್ಟಿರಿ," ಎಂದು ಬಟ್ಟೆಯೊಳಗೆ ಹೋದರು.

ಹೊರಗೆ ಬೂಟುಗಳಷ್ಟೇ ಕಾಣುತ್ತಿದ್ದವು. ಮೊದಲು ಅವು ಹಿಮ್ಮಡಿ ಎತ್ತಿ ಎತ್ತಿ ಆತುರ ತೋರಿಸಿದವು. ಆಮೇಲೆ ಸ್ತಬ್ಧವಾದವು. ಒಂದು ನಿಮಿಷ ಎಂದೋ ಕಳೆದಿತ್ತು. ಡ್ರೈವರು ಬಾಗಿಲಿಂದ ಇಣುಕಿದ. ಬೂಟುಗಳು ಕದಲಲಿಲ್ಲ. ಪರಿಮಳಾ ನನ್ನತ್ತ ನೋಡಿದಳು. ನಾನು ಅವಳತ್ತ ನೋಡಿದೆ. ಕೊನೆಗೆ ಒಳಗೆ ಚೀಟಿ ಹರಿದುಕೊಂಡ ಸದ್ದಾಯಿತು.

ಪಟ್ಟಾಭಿರಾಮಯ್ಯನವರು ಹೊರಬಂದರು. ಬಟ್ಟೆ ತಾಗಿ ತಲೆಗೂದಲು ಕೆದರಿತ್ತು, ಸರಿಮಾಡಿಕೊಳ್ಳಲಿಲ್ಲ. ಚೀಟಿಯನ್ನು ನಾಲ್ಕಾಗಿ ಮಡಿಸಿ ಮುಷ್ಟಿಯಲ್ಲಿ ಹಿಡಿದಿದ್ದರು. ಬೀಗದ ಕೈ ನೀಡಲು ಬಂದ ಫಿಲೋಮಿನಮ್ಮನ ಕಡೆ, ಅದು ಏನೆಂದು ಮರೆತವರಂತೆ ನೋಡಿದರು.

"ಸಾರ್, ಕಾರು..." ಎಂದ ಡ್ರೈವರು.

"ಕಾಯಲಿ."

ನಿಧಾನವಾಗಿ ನಡೆದು ಬೆಂಚಿನ ಬಳಿ ನಿಂತರು. ದೇವೀರಮ್ಮ ಅಲ್ಲಿ ಕುಳಿತಿದ್ದರು. ಚಿಕ್ಕತಾಯಿ ಆಗಷ್ಟೇ ಒಳಗೆ ಡಾಕ್ಟರ ಹತ್ತಿರ ಹೋಗಿದ್ದಳು. ದೇವೀರಮ್ಮನಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ತಮ್ಮ ಚೀಲವನ್ನು ಮಡಿಲಿಗೆಳೆದುಕೊಂಡು ಜಾಗ ಬಿಟ್ಟರು.

"ಕೂತ್ಕೊಳ್ಳಿ ಯಜಮಾನ್ರೇ. ಏನು, ಜ್ವರವಾ?"

ಪಟ್ಟಾಭಿರಾಮಯ್ಯನವರು ಕುಳಿತರು. ಮುಷ್ಟಿಯನ್ನು ಕೋಟಿನ ಜೇಬಿಗೆ ಇಳಿಸಿದರು.

"ಹೂಂ," ಎಂದರು. "ಜ್ವರ."

"ನಮಗೂ ಅದೇ," ಎಂದು ದೇವೀರಮ್ಮ ಸಮಾಧಾನದ ದನಿಯಲ್ಲಿ ಹೇಳಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಫಿಲೋಮಿನಮ್ಮ ಬೀಗದ ಕೈಯನ್ನು ಮೊಳೆಗೆ ತಗುಲಿಹಾಕಿದರು. ನೀಲಿ ಬಟ್ಟೆ ಇನ್ನೂ ಮೆಲ್ಲಗೆ ತೂಗುತ್ತಿತ್ತು. ಸಾಲಿನಲ್ಲಿ ಮುಂದಿದ್ದ ಹೆಂಗಸು ಅದರ ಬಿಳಿ ಅಂಚನ್ನು ಎರಡು ಬೆರಳಿನಿಂದ ಎತ್ತಿ, ಬಗ್ಗಿ ಒಳಗೆ ಹೋದಳು. ಲೇಸು ಅವಳ ಬೆನ್ನ ಮೇಲೆ ಇಳಿದು ಸುಮ್ಮನಾಯಿತು.