ಬಣ್ಣ ಬಿಡದ ನೆತ್ತರ

ಸಮಸ್ತ ನಾರಾಯಣಪೇಟಿ ಮಹಾಜನರಿಗೆ ಈ ಮೂಲಕ ಜಾಹೀರು ಮಾಡೂದೇನಂದ್ರ, ಮೊಬೈಲ್ ಅಂಗಡಿ ವಿಜಯನ ಕುತ್ತಿಗಿ ಇನ್ನೂ ಕೆಂಪಗೇ ಐತಿ. ಸೀಗಿಕಾಯಿ, ಸೀಮೆಎಣ್ಣಿ, ಕಡ್ಲಿಹಿಟ್ಟು, ಅವರವ್ವನ ಬೈಗುಳ, ಯಾವುದಕ್ಕೂ ಬಗ್ಗಿಲ್ಲ. ಈ ಕಾರಣಕ್ಕ ಹುಡುಗನ ನಡತಿ ಮ್ಯಾಲ ಯಾರೂ ಸಂಶಯ ಪಡಬಾರ್ದು. ಅವ ಸತ್ತಾನ ಅಷ್ಟೇ, ತಪ್ಪೇನೂ ಮಾಡಿಲ್ಲ.

ಅವನ್ನ ಕೊಂದಾಕಿ ಶೇಖಮ್ಮ. ಕೊಲ್ಲಿಸಿದಾಕಿ ಶೇಖಮ್ಮನ ಮೊಮ್ಮಗಳು ಕಾವ್ಯ, ಇಂಟರ್ ಎರಡನೇ ವರ್ಷ. ಸಿನಿಮಾದ ಹೆಸರು ‘ಅಮಾಸಿ ಮಗ್ಗ’. ಮುಸುಕು ಹಾಕ್ಕೊಂಡ ಒಂದು ಆಕೃತಿ ಕುಡಗೋಲು ಹಿಡದು ಒಬ್ಬೊಬ್ಬರನ್ನ ಹುಡುಕಿ ಹುಡುಕಿ ಕೊಯ್ಯೂ ಕಥಿ. ಕ್ಯಾಮೆರಾ ಅಂದ್ರ ವಿಜಯನ ಅಂಗಡಿಗೆ ರಿಪೇರಿಗೆ ಬಂದ ಫೋನು. ಲೊಕೇಶನ್ ಅಂದ್ರ ಮಕ್ತಲ್‌ದಾಗ ಬಾಗಿಲು ಮುಚ್ಚಿದ ಒಂದು ಹತ್ತಿ ಮಿಲ್ಲು. ಊಟ ಅವರವರ ಮನೀದು.

ಕಾವ್ಯನ ಅಪ್ಪ ಸಿದ್ದರಾಮೇಶ ಸೀರಿ ನೇಯ್ತಾನ, ನೂಲಿಗೆ ಬಣ್ಣಾನೂ ತಾನೇ ಹಾಕ್ತಾನ. ಮಗಳು ಹೈದರಾಬಾದಿಗೆ ಹೋಗಿ ಎಡಿಟಿಂಗ್ ಕೋರ್ಸ್ ಮಾಡ್ತೀನಿ ಅಂದಾಗ ಲಾಳಿ ಕೆಳಗಿಟ್ಟ.

“ಕೊಲಿ ಮಾಡೂದು ಕಲೀತಿ ಏನು?”

“ಕೊಲಿ ಅಲ್ಲ, ಕಲಿ ಕಲೀತೀನಿ ಅಪ್ಪಾ.”

“ಹಂಗಾದ್ರ ಕೇಳು. ಟಾಕೀಸಿನ್ಯಾಗ ನಿನ್ನ ಸಿನಿಮಾ ಹಾಕು. ನನ್ನ ಬಾಜೂಕ ಕುಂದ್ರು. ಕೊನೀತನಕ ಒಬ್ಬರೂ ಎದ್ದು ಹೋಗಬಾರ್ದು. ಬಾಜೂಕ ಯಾಕಂದ್ರ, ಯಾವನರ ಎದ್ದ ಅಂದ್ರ ‘ಒಂದಕ್ಕ ಹೋದ, ಬರ್ತಾನ’ ಅಂತ ನೀ ಆಮ್ಯಾಲ ವಾದಾ ಹಾಕಬಾರ್ದು. ಗೆದ್ದಿ, ಹೈದರಾಬಾದ್. ಸೋತಿ, ಗದ್ವಾಲದಾಗ ಬಿ.ಕಾಂ., ಬಾಯಿ ಮುಚ್ಚಿಕೊಂಡು.”

“ಮಾತು?”

“ಮಾತಂದ್ರ ಮಾತು. ನಿಮ್ಮಜ್ಜಿ ಸಾಕ್ಷಿ.”

ಮಗ್ಗದವ್ರಿಗೆ ರಜಾ ಅಂದ್ರ ಅಮಾಸಿ ಒಂದೇ. ಆವತ್ತು ಯಾರೂ ಲಾಳಿ ಮುಟ್ಟಂಗಿಲ್ಲ. ನಟರೆಲ್ಲಾ ಓಣಿಯವ್ರೇ ಆದದ್ದಕ್ಕ ಶೂಟಿಂಗೂ ಅಮಾಸಿಗೇ. ಹಿಂಗಾಗಿ ಕಥ್ಯಾಗ ಎಲ್ಲಾ ಕೊಲಿ ಅಮಾಸಿಗೇ ಬಿದ್ದುವು. ಮುಂದ ನೋಡಿದವ್ರು ‘ಏನೋ ಗಹನ ಐತಿ’ ಅಂದ್ರು. ಗಹನ ಏನಿಲ್ರಿ, ವಾರದ ರಜಾ ಇಲ್ಲ ಅಷ್ಟೇ. ಕತ್ತಲಾದ್ರ ಆ ಫೋನಿಗೆ ಕಣ್ಣು ಕಾಣಂಗಿಲ್ಲ. ಅದಕ್ಕ ಮಟಮಟ ಮಧ್ಯಾಹ್ನ ಕಿಟಕಿಗೆ ಅರ್ಧಕ್ಕ ಕಂಬಳಿ ಕಟ್ಟಿ ನಡುರಾತ್ರಿ ಮಾಡಿದ್ರು.

ಕೊಲೆಗಾರ್ತಿ ಪಾತ್ರಕ್ಕ ಶೇಖಮ್ಮನ್ನ ಹಾಕಿದ್ದು ಅಕೀಗೆ ಡೈಲಾಗ್ ನೆನಪಿರಂಗಿಲ್ಲ ಅಂತ. ಮೊಣಕಾಲು ನೋವಿನ ಮುದುಕಿ, ಮುಸುಕು ಹೊದ್ದು ಒಂದೊಂದೇ ಹೆಜ್ಜಿ ಇಟ್ಟು ಬಂದ್ರ ಎದಿ ಝಲ್ ಅಂತಿತ್ತು. ಸಿನಿಮಾದ ಮೊದಲನೇ ಬಲ ಅದು. ಮೊದಲನೇ ದೌರ್ಬಲ್ಯಾನೂ ಅದೇ. ಹರೇದ ಹುಡುಗ್ರು ಓಡಿ ಹೋದ್ರ ಅಜ್ಜಿ ಹಿಡಿಯೂದು ಹೆಂಗ?

“ಏ ವಿಜಯಾ, ಬೀಳೋ!”

“ಆಗಲೇ ಎರಡ್ಸಲ ಬಿದ್ದೀನಲ್ಲ!”

“ಮತ್ತ ಬೀಳು. ಅಜ್ಜಿ ಇನ್ನಾ ಬಾಗಿಲದಾಗೇ ಅದಾಳ.”

ಹಿಂಗ ಸಪಾಟು ನೆಲದ ಮ್ಯಾಲ ಅಷ್ಟೊಂದು ಸಲ ಬಿದ್ದ ಜನ ಬ್ಯಾರೆ ಯಾವ ಸಿನಿಮಾದಾಗೂ ಸಿಗಂಗಿಲ್ಲ.

ಇನ್ನ ರಕ್ತ. ಕುಂಕುಮಾ ಕಲಸೂಣು ಅಂದ ವಿಜಯ. ಕಾವ್ಯನ ಮಾರಿ ಸಿಂಡರಿಸಿತು. “ನೀರು ಬಿದ್ರ ಬಣ್ಣ ಬಿಡೂ ಮಾಲು? ನಮ್ಮ ಮನೆತನದಾಗ ಅಂಥಾದ್ದು ಮಾಡಂಗಿಲ್ಲ.” ಅಪ್ಪನ ಹಂಡೇದಿಂದ ಸೀರಿ ಅಂಚಿಗೆ ಹಾಕೂ ಕೆಂಪು ಎತ್ತಿಕೊಂಡು ಬಂದಳು. ಎಷ್ಟು ಒಗದ್ರೂ ಜಗ್ಗದ ಕೆಂಪು. ಪರದಾ ಮ್ಯಾಲ ನೋಡಿದ್ರ ಖರೇನೇ ಕುತ್ತಿಗಿ ಹರದಂಗ ಕಾಣ್ತಿತ್ತು. ಬಟ್ಟಿಗೆ ಬಿದ್ರೂ ಕಲಿ, ಪರದಾಕ ಬಿದ್ರೂ ಕಲಿ! ಆದ್ರ ಮುಂದಿನ ಅಮಾಸಿಗೆ ವಿಜಯ ಬ್ಯಾರೆ ಪಾತ್ರ ಮಾಡಾಕ ಬಂದ್ರ ಹಳೇ ಸಾವು ಕುತ್ತಿಗ್ಯಾಗೇ ಇತ್ತು. ಕಾವ್ಯ ಎದೆಗುಂದಲಿಲ್ಲ. ಸತ್ತವ್ನಿಗೆ ಒಬ್ಬ ಅವಳಿ ತಮ್ಮನ್ನ ಬರದಳು, ಅವನಿಗೆ ಹುಟ್ಟು ಮಚ್ಚಿ ಕೊಟ್ಟಳು. ಹೊಡದಾಟ ತಪ್ಪಿದ್ರ ಮತ್ತ ತಗದಳು. ಆವಾಜು ಹಾಳಾದ್ರ ಮನ್ಯಾಗ ಕೌದಿ ಹೊದ್ದು ತಾನೇ ಎಲ್ಲಾರ ಚೀರಾಟ ಚೀರಿದಳು. ಬಾಜೂ ಮನಿಯವ್ರು ಎರಡ್ಸಲ ಬಂದು ಬಾಗಿಲಾ ಬಡದ್ರು.

ಸಿನಿಮಾ ಆತು. ಕಾಗದದ ಮ್ಯಾಲ ನಿರ್ಮಾಪಕ ಅಂದ್ರ ಸೋದರಮಾವ ಜಂಬಪ್ಪ. ಅವ ಸೆನ್ಸಾರ್‌ಗೆ ಅಂತ ಹೈದರಾಬಾದಿಗೆ ಹೋಗಿ ಅಲ್ಲಿಂದನೇ ಫೋನ್ ಮಾಡಿದ.

“ಕಾವ್ಯಾ, ಅವರಿಗೆ ಭಾಳ ಹಿಡಿಸೇತಿ. ರಕ್ತ ಖರೇ ಐತೇನ್ರಿ ಅಂತ ಕೇಳಿದ್ರು! ಆದ್ರ ಮೂರು ಕಡೆ ಕತ್ತರಿ ಹಾಕಬೇಕಂತ. ಹಾಕಿದ್ರ ಹದಿನಾರು ದಾಟಿದ ಹುಡುಗ್ರೂ ನೋಡಬಹುದು. ಇಲ್ಲಾಂದ್ರ ‘ಎ’.”

“ಕತ್ತಿ ಸಿನಿಮಾಕ ಕತ್ತರಿ? ಸಾಧ್ಯ ಇಲ್ಲ ಮಾಮಾ.”

“ಯೋಚನಿ ಮಾಡವ್ವಾ.”

“ಒಂದು ಹನೀನೂ ಬಿಡಂಗಿಲ್ಲ. ‘ಎ’ ತೊಗೋರಿ. ಪೋಸ್ಟರ್‌ದಾಗ ದೊಡ್ಡದಾಗಿ ಹಾಕ್ತೀನಿ. ‘ಎ’ ಅಂದ್ರ ಜನ ಓಡಿ ಬರ್ತಾರ.”

ಜನ ಖರೇನೇ ಓಡಿ ಬಂದ್ರು. ಜ್ಯೇಷ್ಠದ ಅಮಾಸಿ, ಗದ್ವಾಲದಾಗ ಒಂದು ಹಳೇ ಟಾಕೀಸು, ಬೆಳಗಿನ ಆಟ. ನಾರಾಯಣಪೇಟಿ ಮಗ್ಗ ಬಂದ್, ಗದ್ವಾಲ ಮಗ್ಗಾನೂ ಬಂದ್. ಇಡೀ ಓಣಿ ಬಸ್ಸು ಹತ್ತಿ, ಮಕ್ತಲ್‌ದಾಗ ಮಿರ್ಚಿ ತಿಂದು, ಗದ್ವಾಲದಾಗ ಇಳೀತು. ಸಿದ್ದರಾಮೇಶ ಇಸ್ತ್ರಿ ಅಂಗಿ ಹಾಕ್ಕೊಂಡು ಎಲ್ಲಾರಕಿಂತ ಮೊದಲು ಒಳಗ ಹೋಗಿ ಎರಡು ಕುರ್ಚಿ ಹಿಡದಿಟ್ಟ.

ಬಾಗಿಲದಾಗ ಟಿಕೀಟು ಹರಿಯೂ ಆಂಜನೇಯುಲು ಕಾವ್ಯನ್ನ ತಡದ.

“ನಿಂಗ ವಯಸ್ಸೆಷ್ಟಮ್ಮಾ?”

“ಹದಿನೇಳು. ಶ್ರಾವಣಕ್ಕ ಹದಿನೆಂಟು. ಯಾಕ?”

ಅವ ಪೋಸ್ಟರಿನ್ಯಾಗಿದ್ದ ದೊಡ್ಡ ‘ಎ’ ಕಡೆ ಬೊಟ್ಟು ಮಾಡಿದ.

“ನಾನು ಡೈರೆಕ್ಟರ್ರಿ! ನಾನೇ ಬರದದ್ದು, ನಾನೇ ಕೊಯ್ದದ್ದು, ಒಳಗ ಚೀರೂದೂ ನಾನೇ!”

“ಅಯ್ಯೋ ತಲ್ಲೀ, ಚೀರಾಕ ವಯಸ್ಸು ಕೇಳಂಗಿಲ್ಲ. ನೋಡಾಕ ಕೇಳ್ತಾರ. ಒಳಗ ಬಿಟ್ರ ನನ್ನ ನೌಕರಿ ಹೋಗ್ತದ.”

ಶೇಖಮ್ಮ ಬೈದಳು. ಜಂಬಪ್ಪ ಕೈ ಮುಗದ. ವಿಜಯ ಕುತ್ತಿಗಿ ತೋರಿಸಿದ. ಆಂಜನೇಯುಲು ಎಲ್ಲಾರಿಗೂ ವಿನಯದಿಂದ ತಲಿ ಅಲ್ಲಾಡಿಸಿ, ಒಳಗ ಲೈಟು ಆರಿದ ಮ್ಯಾಲ ಬಾಗಿಲಾ ಹಾಕಿದ.

ಕಾವ್ಯ ಅಳಲಿಲ್ಲ. ಬಾಗಿಲಕ್ಕ ಕಿವಿ ಹಚ್ಚಿ ನಿಂತಳು. ತನ್ನ ಚೀರಾಟ ಕೇಳಿಸ್ತು. ಅದರ ಹಿಂದ ಮಂದಿ ಚೀರಾಟ ಕೇಳಿಸ್ತು. ಅಜ್ಜಿ ನಡಿಗಿ ಬಂದಾಗ ಒಳಗ ಸೂಜಿ ಬಿದ್ರೂ ಕೇಳೂವಂಥ ಮೌನ. ವಿಜಯನ ಅವಳಿ ತಮ್ಮ ಬಂದಾಗ ಮಾತ್ರ ಒಬ್ಬಾವ “ಏ, ಇವ ಸತ್ತಿದ್ದನಲ್ಲೋ!” ಅಂತ ಒದರಿದ. ಕಾವ್ಯ ಹಣಿ ಬಡಕೊಂಡಳು. ಆದ್ರ ಬಾಗಿಲಾ ತಗೀಲಿಲ್ಲ. ಯಾರೂ ಹೊರಗ ಬರಲಿಲ್ಲ, ಒಂದಕ್ಕೂ ಬರಲಿಲ್ಲ.

ಆಟ ಮುಗೀತು. ಸಿದ್ದರಾಮೇಶ ಎಲ್ಲಾರಕಿಂತ ಕಡೀಕ ಬಂದ. ಇಸ್ತ್ರಿ ಅಂಗಿ ಬೆವತು ಮುದ್ದಿ ಆಗಿತ್ತು.

“ಒಬ್ಬರೂ ಏಳಲಿಲ್ಲ,” ಅಂದ.

“ಹೈದರಾಬಾದ್?”

ಅವ ಅಂಗಿ ತೋಳಿನಿಂದ ಮಾರಿ ಒರಿಸಿಕೊಂಡ. “ನಿಮ್ಮಜ್ಜಿ ಆ ಬಾಗಿಲದಿಂದ ಬರ್ತಾಳಲ್ಲ, ಆವಾಗ ನಂಗ ಜೀವ ಹೋದಂಗಾತು. ನಿನ್ನ ಕೈ ಹಿಡಿಯೂಣು ಅಂತ ಬಾಜೂಕ ಕೈ ಹಾಕಿದೆ. ಕುರ್ಚಿ ಖಾಲಿ ಇತ್ತು, ಕಾವ್ಯಾ. ಬಾಜೂಕ ಕುಂದ್ರಬೇಕು ಅಂತ ಮಾತಾಗಿತ್ತು.”

“ಮಾತಂದ್ರ ಮಾತು,” ಅಂದಳು ಸಾಕ್ಷಿ ಶೇಖಮ್ಮ, ತನ್ನ ಬಾಯಿ ತಾನೇ ಬೈಕೋತ.

ಕಾವ್ಯ ಆಂಜನೇಯುಲು ಕಡೆ ತಿರುಗಿದಳು. “ಅಣ್ಣಾ, ಶ್ರಾವಣದ ಅಮಾಸಿಗೆ ಬೆಳಗಿನ ಆಟ ಖಾಲಿ ಐತೇನು?”

“ಐತಮ್ಮಾ.”

“ನಮ್ಮ ಹೆಸರಿಗೆ ಹಿಡೀರಿ. ಎರಡು ಕುರ್ಚಿ, ಬಾಜೂಬಾಜೂಕ.”

“ಕೋರ್ಸಿಗೆ ಅರ್ಜಿ ಹಾಕೂದು ಆಷಾಢಕ್ಕೇ ಮುಗೀತೈತಲ್ಲವ್ವಾ,” ಅಂದ ಜಂಬಪ್ಪ, ಮೆಲ್ಲಕ.